ಹೊಸ ಲಾರಿ ಚಾಲಕರು ಮತ್ತು ವಾಹನ ವಿಮೆ: ಅರ್ಜಿದಾರರ ಗಮನಕ್ಕೆ

ಸರಕು ಸಾಗಣೆ ವಾಹನದ ಚಾಲನೆಯನ್ನು ವೃತ್ತಿಯಾಗಿ ಕೈಗೊಳ್ಳಲು ಇಚ್ಛಿಸುವವರು ವಿಮೆಗೆ ಸಂಬಂಧಿಸಿದ ಕೆಲವು ಅಂಶಗಳನ್ನು ಮೊದಲೇ ತಿಳಿದಿರುವುದು ಅವಶ್ಯಕ. ನಮ್ಮ ದೇಶದಲ್ಲಿ ಸರಕು ವಾಹನದ ಮೂರನೇ ವ್ಯಕ್ತಿ ವಿಮೆಯ ಕಂತು ವಾಹನದ ಒಟ್ಟು ತೂಕವನ್ನು ಅವಲಂಬಿಸಿರುತ್ತದೆಯೇ ಹೊರತು ಚಾಲಕರ ಅನುಭವವನ್ನಲ್ಲ. ಆದರೆ ಅಪಘಾತ ಸಂಭವಿಸಿದಾಗ ವಿಮಾ ಕಂಪನಿಯು ಚಾಲಕರ ಅನುಜ್ಞಾ ಪತ್ರವನ್ನು ಪರಿಶೀಲಿಸುತ್ತದೆ. ಹೊಸ ಚಾಲಕರಿಗೆ ತೊಡಕುಂಟಾಗುವುದು ಇಲ್ಲಿಯೇ.

1. ಅರ್ಹತೆ
ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕಾರ ಸಾರಿಗೆ ವಾಹನದ ಕಲಿಕಾ ಅನುಜ್ಞಾ ಪತ್ರ ಪಡೆಯಲು ಲಘು ಮೋಟಾರು ವಾಹನದ ಚಾಲನಾ ಅನುಜ್ಞಾ ಪತ್ರವನ್ನು ಕನಿಷ್ಠ ಒಂದು ವರ್ಷ ಹೊಂದಿರಬೇಕು. ಸಾರಿಗೆ ವಾಹನ ಚಾಲನೆಗೆ 20 ವರ್ಷ ತುಂಬಿರಬೇಕು.

ಒಟ್ಟು ತೂಕ 7,500 ಕಿ.ಗ್ರಾಂ. ಮೀರದ ಸರಕು ವಾಹನವನ್ನು ಲಘು ಮೋಟಾರು ವಾಹನದ ಅನುಜ್ಞಾ ಪತ್ರದ ಮೇಲೆಯೇ ಚಲಾಯಿಸಬಹುದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2024ರ ನವೆಂಬರ್‌ನಲ್ಲಿ ತೀರ್ಪು ನೀಡಿದೆ. ಅದಕ್ಕಿಂತ ಹೆಚ್ಚು ತೂಕದ ಲಾರಿಗಳಿಗೆ ಸಾರಿಗೆ ವಾಹನದ ಅನುಜ್ಞೆ ಕಡ್ಡಾಯ. ಪೆಟ್ರೋಲ್, ಅನಿಲ, ರಾಸಾಯನಿಕ ಮುಂತಾದ ಅಪಾಯಕಾರಿ ಸರಕು ಸಾಗಿಸುವವರು ನಿಗದಿತ ತರಬೇತಿ ಪಡೆದು, ಅನುಜ್ಞಾ ಪತ್ರದಲ್ಲಿ ಪ್ರತ್ಯೇಕ ಹಿಂಬರಹ ಪಡೆಯತಕ್ಕದ್ದು.

2. ಕಲಿಕಾ ಅವಧಿ
ಸರಕು ವಾಹನದ ವಿಮಾ ಪಾಲಿಸಿಯಲ್ಲಿ ಸಾಮಾನ್ಯವಾಗಿ ಇರುವ ಷರತ್ತಿನಂತೆ, ಕಲಿಕಾ ಅನುಜ್ಞಾ ಪತ್ರ ಹೊಂದಿದವರು ಸರಕು ಸಾಗಿಸದಿರುವಾಗ ಮಾತ್ರ ವಾಹನ ಚಲಾಯಿಸಬಹುದು. ಸರಕು ತುಂಬಿದ ಲಾರಿಯಲ್ಲಿ ಚಾಲನೆ ಕಲಿಯುವುದು ಷರತ್ತಿನ ಉಲ್ಲಂಘನೆಯಾಗುತ್ತದೆ.

3. ಅನುಜ್ಞಾ ಪತ್ರ ಸಿಂಧುವಲ್ಲದಿದ್ದಲ್ಲಿ
ವಾಹನದ ಹಾನಿಗೆ ವಿಮಾ ಕಂಪನಿಯು ಪರಿಹಾರ ನಿರಾಕರಿಸಬಹುದು. ಅಪಘಾತಕ್ಕೀಡಾದ ಮೂರನೇ ವ್ಯಕ್ತಿಗೆ ಪರಿಹಾರ ಪಾವತಿಸಿ, ಆ ಮೊತ್ತವನ್ನು ಮಾಲೀಕರಿಂದ ವಸೂಲು ಮಾಡಲು ನ್ಯಾಯಾಲಯವು ಕಂಪನಿಗೆ ಅವಕಾಶ ನೀಡಬಹುದು. ಒಂದೇ ಅಪಘಾತದ ಪರಿಹಾರಕ್ಕಾಗಿ ಲಾರಿಯನ್ನೇ ಮಾರಬೇಕಾದ ಸಂದರ್ಭ ಒದಗಬಹುದು. ಹೊಸಬರಿಗೆ ವಾಹನ ಒಪ್ಪಿಸಲು ಮಾಲೀಕರು ಹಿಂಜರಿಯುವುದಕ್ಕೆ ಇದೂ ಒಂದು ಕಾರಣ. ಆದರೆ ಚಾಲಕರನ್ನು ನೇಮಿಸುವಾಗ ಯುಕ್ತ ಎಚ್ಚರಿಕೆ ವಹಿಸಿದ ಮಾಲೀಕರಿಗೆ 2004ರ ಸ್ವರಣ್ ಸಿಂಗ್ ಪ್ರಕರಣದ ತೀರ್ಪಿನಂತೆ ರಕ್ಷಣೆ ಇರುತ್ತದೆ.

4. ಅನುಸರಿಸಬೇಕಾದ ಕ್ರಮ
ಅ) ಚಾಲಕರು ತಮ್ಮ ಅನುಜ್ಞಾ ಪತ್ರದಲ್ಲಿನ ವಾಹನ ವರ್ಗವನ್ನು ಲಾರಿಯ ನೋಂದಣಿ ಪತ್ರದಲ್ಲಿನ ತೂಕದೊಂದಿಗೆ ಹೋಲಿಸಿ ನೋಡುವುದು.
ಆ) ಅವಧಿ ಮುಗಿಯುವ ಮೊದಲೇ ಅನುಜ್ಞಾ ಪತ್ರವನ್ನು ನವೀಕರಿಸುವುದು. ಮುಕ್ತಾಯಕ್ಕೆ ಒಂದು ವರ್ಷ ಮುಂಚಿತವಾಗಿಯೂ ಅರ್ಜಿ ಸಲ್ಲಿಸಬಹುದು.
ಇ) ಮಾಲೀಕರು ಅನುಜ್ಞಾ ಪತ್ರದ ನೈಜತೆಯನ್ನು ಪರಿವಾಹನ್ ಜಾಲತಾಣದಲ್ಲಿ ಪರಿಶೀಲಿಸಿ, ಪ್ರತಿಯನ್ನು ಇಟ್ಟುಕೊಳ್ಳುವುದು.
ಈ) ಸಂಬಳದ ಚಾಲಕರು ತಮಗೆ ಉಂಟಾಗುವ ಗಾಯ ಅಥವಾ ಮರಣಕ್ಕೆ ಪಾಲಿಸಿಯಲ್ಲಿ ರಕ್ಷಣೆ ಇದೆಯೇ ಎಂದು ಕೆಲಸಕ್ಕೆ ಸೇರುವ ಮುನ್ನವೇ ಕೇಳಿ ತಿಳಿಯುವುದು. ಸ್ವಂತ ಲಾರಿ ಓಡಿಸುವವರಿಗೆ 15 ಲಕ್ಷ ರೂಪಾಯಿಗಳ ವೈಯಕ್ತಿಕ ಅಪಘಾತ ವಿಮೆ ಇದ್ದರೂ, ಸಿಂಧು ಅನುಜ್ಞಾ ಪತ್ರವಿದ್ದಲ್ಲಿ ಮಾತ್ರ ಅದು ದೊರೆಯುತ್ತದೆ.

ಅನುಜ್ಞಾ ಪತ್ರದ ವರ್ಗದ ಕುರಿತು ಸಂದೇಹವಿದ್ದಲ್ಲಿ, ವಾಹನ ಚಲಾಯಿಸುವ ಮುನ್ನ ಸಮೀಪದ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಲು ಕೋರಲಾಗಿದೆ.