ಮೋಸೆಲ್ ದಂಡೆಯ ಒಂದು ದ್ರಾಕ್ಷಿ ಮನೆತನ

ನನ್ನ ಅಣ್ಣ ಫೋನಿನಲ್ಲಿ ಎರಡೇ ಮಾತು ಆಡುವ ಮನುಷ್ಯ. ನಾನು ಜರ್ಮನಿಗೆ ಹೊರಡುವ ಹಿಂದಿನ ದಿನ ಮಾತ್ರ ಐದು ನಿಮಿಷ ಮಾತಾಡಿದ. ತಿಕೋಟಾ ಕಡೆ ನಮ್ಮದು ನಾಲ್ಕು ಎಕರೆ ದ್ರಾಕ್ಷಿ. ಅದರಲ್ಲಿ ಹಳ್ಳದ ಆಚೆಗಿನ ಎರಡು ಎಕರೆ ಕೇಳಿಕೊಂಡು ಯಾರೋ ಬಂದಿದ್ದಾರೆ. ಆಳು ಸಿಗುತ್ತಿಲ್ಲ, ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹಾಕಿ ಸಾಕಾಗಿದೆ, ಮಗ ಬೆಂಗಳೂರು ಬಿಟ್ಟು ಬರುವುದಿಲ್ಲ ಅಂದಿದ್ದಾನೆ, ನೀನು ಹೂಂ ಅಂದರೆ ಕಾಗದ ಮಾಡಿಸೋಣ ಎಂದ. ಜಮೀನು ಇಬ್ಬರ ಹೆಸರಿನಲ್ಲಿದೆ. "ಬಂದ ಮ್ಯಾಲೆ ಹೇಳ್ತೀನಿ ಅಣ್ಣಾ" ಎಂದೆ. ಪುಣೆಗೆ ಬಂದ ಹತ್ತೊಂಬತ್ತು ವರ್ಷಗಳಲ್ಲಿ ತೋಟದ ಯಾವ ವಿಷಯಕ್ಕೂ ನಾನು ಕೊಟ್ಟಿರುವ ಉತ್ತರ ಇದೇ.

ಕಂಪನಿ ಕೆಲಸ ಇದ್ದದ್ದು ಫ್ರಾಂಕ್‌ಫರ್ಟ್‌ನಲ್ಲಿ, 2024ರ ಅಕ್ಟೋಬರ್ ಮೊದಲ ವಾರ. ನಾನು ದ್ರಾಕ್ಷಿ ಬೆಳೆಯುವ ಮನೆಯವನು ಎಂದು ಗೊತ್ತಾದ ಕೂಡಲೇ ಅಲ್ಲಿನ ಸಹೋದ್ಯೋಗಿಯೊಬ್ಬರು, "ಹಾಗಾದರೆ ಶನಿವಾರ ಖಾಲಿ ಕೂರಬೇಡಿ, ಮೋಸೆಲ್ ನದಿಯ ದಂಡೆಯಲ್ಲಿ ನನ್ನ ಚಿಕ್ಕಮ್ಮನ ಮನೆಯಿದೆ, ವೈನ್ ಮಾಡುತ್ತಾರೆ, ಈಗ ಕೊಯ್ಲು ನಡೆದಿದೆ" ಎಂದರು. ಹೋದೆ. ಪತ್ರಿಕೆಗೆ ಬರೆಯುತ್ತೇನೆ ಎಂದಾಗ ಆ ಮನೆಯವರು ಹೇಳಿದ್ದು ಒಂದೇ: ನಮ್ಮ ಹೆಸರು ಬೇಡ. ಹಾಗಾಗಿ ಇಲ್ಲಿ ಯಜಮಾನರು, ಯಜಮಾನತಿ, ಮಗಳು ಎಂದಷ್ಟೇ ಬರೆಯುತ್ತೇನೆ.

ಕೊಬ್ಲೆನ್ಸ್‌ನಲ್ಲಿ ರೈಲು ಬದಲಿಸಿದರೆ ಮುಂದೆ ನದಿಯ ಪಕ್ಕದಲ್ಲೇ ಪ್ರಯಾಣ. ಕೋಖೆಮ್ ದಾಟಿದ ಮೇಲೆ ನಾಲ್ಕು ಕಿಲೋಮೀಟರಿಗೂ ಉದ್ದದ ಒಂದು ಸುರಂಗ. ನದಿ ಇಪ್ಪತ್ತು ಕಿಲೋಮೀಟರ್ ಸುತ್ತಿ ಬರುವುದನ್ನು ರೈಲು ಗುಡ್ಡದ ಹೊಟ್ಟೆಯೊಳಗಿಂದ ನೇರ ಹಾಯುತ್ತದೆ. ಹೊರಗೆ ಬಂದ ಕೂಡಲೇ ಸಿಗುವ ಸ್ಟೇಷನ್ ಎಡಿಗರ್-ಎಲ್ಲರ್. ಇಳಿದು ತಲೆಯೆತ್ತಿದೆ. ಎದುರಿಗೆ ಕಾಲ್ಮಾಂಟ್ ಗುಡ್ಡ. ಯುರೋಪಿನ ಅತಿ ಕಡಿದಾದ ದ್ರಾಕ್ಷಿ ತೋಟ ಎಂದು ಹೆಸರಾದದ್ದು. ಕೆಲವು ಕಡೆ ಇಳಿಜಾರು 65 ಡಿಗ್ರಿ. ಅದನ್ನು ತೋಟ ಎನ್ನಲು ಬಾಯಿ ಬರಲಿಲ್ಲ. ಗೋಲಗುಂಬಜದ ಗೋಡೆಗೆ ಯಾರೋ ಬಳ್ಳಿ ನೆಟ್ಟ ಹಾಗಿತ್ತು.

ಮಗಳು ಸ್ಟೇಷನ್ನಿಗೆ ವ್ಯಾನ್ ತಂದಿದ್ದಳು. ಇಪ್ಪತ್ತೇಳು ವರ್ಷ. ಗೈಸೆನ್‌ಹೈಮ್‌ನಲ್ಲಿ ದ್ರಾಕ್ಷಿ ಕೃಷಿ ಓದಿ ಬಂದವಳು, ಮನೆಯ ಎಂಟನೇ ತಲೆಮಾರು. ಸೊಂಟಕ್ಕೆ ಕತ್ತರಿ ಕಟ್ಟಿಕೊಂಡೇ ಗಾಡಿ ಓಡಿಸುತ್ತಿದ್ದಳು. "ನೋಡಲು ಬಂದಿದ್ದೀರೋ, ಕೊಯ್ಯಲು ಬಂದಿದ್ದೀರೋ?" ಎಂದು ಕೇಳಿದಳು. ಕೊಯ್ಯಲು ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ.

ಗುಡ್ಡ ಹತ್ತುವುದಕ್ಕೆ ಒಂಟಿ ಹಳಿಯ ಸಣ್ಣ ಬಂಡಿಯಿದೆ. ಹಲ್ಲು ಹಲ್ಲಿನ ಒಂದೇ ಹಳಿ, ಅದರ ಮೇಲೆ ಎಂಜಿನ್, ಹಿಂದೆ ಕ್ರೇಟುಗಳು. ನಾನು ಕ್ರೇಟುಗಳ ನಡುವೆ ಕೂತು ಕಣ್ಣು ಮುಚ್ಚಿದೆ. ಅರ್ಧ ದಾರಿಯಲ್ಲಿ ಕಣ್ಣು ಬಿಟ್ಟರೆ ಕಾಲ ಕೆಳಗೆ ನದಿ, ಆಚೆ ದಡದಲ್ಲಿ ಹಳೆಯ ಮಠವೊಂದರ ಮುರುಕು ಗೋಡೆ. ಮೇಲೆ ಆರು ಜನ ಕೊಯ್ಯುತ್ತಿದ್ದರು, ಎಲ್ಲರೂ ಪೋಲೆಂಡಿನವರು. ಹನ್ನೆರಡು ವರ್ಷದಿಂದ ಕೊಯ್ಲಿಗೆ ಇದೇ ಮನೆಗೆ ಬರುತ್ತಾರಂತೆ.

ಬಳ್ಳಿ ನೋಡಿ ನನಗೆ ಗೊಂದಲವಾಯಿತು. ನಮ್ಮ ಕಡೆಯ ಹಾಗೆ ಚಪ್ಪರವಿಲ್ಲ, ತಂತಿಯೂ ಇಲ್ಲ. ಒಂದೊಂದು ಬಳ್ಳಿಗೂ ಅದರದೇ ಒಂದು ಗೂಟ. ಎರಡು ಕೊಂಬೆಗಳನ್ನು ಬಗ್ಗಿಸಿ ಹೃದಯದ ಆಕಾರಕ್ಕೆ ಕಟ್ಟಿರುತ್ತಾರೆ. ಕಾಲ ಕೆಳಗೆ ಮಣ್ಣೇ ಕಾಣದು, ಬರೀ ಕಪ್ಪು ಸ್ಲೇಟ್ ಕಲ್ಲಿನ ಚಕ್ಕೆಗಳು. ಅಕ್ಟೋಬರಿನ ಚಳಿಯಲ್ಲೂ ಆ ಕಲ್ಲು ಕೈಗೆ ಬೆಚ್ಚಗೆ ಹತ್ತಿತು.

ಇಷ್ಟು ಕಷ್ಟ ಯಾಕೆ ಎಂದು ಕೇಳದೆ ಇರಲಾಗಲಿಲ್ಲ. ಅವಳ ಉತ್ತರ ಸರಳವಾಗಿತ್ತು. ಆ ಊರು ಭೂಮಧ್ಯರೇಖೆಯಿಂದ ಸುಮಾರು 50 ಡಿಗ್ರಿ ಉತ್ತರಕ್ಕಿದೆ. ನಮ್ಮ ವಿಜಯಪುರ 17ರ ಹತ್ತಿರ. ಅಲ್ಲಿ ಬಿಸಿಲು ಓರೆಯಾಗಿ ಬೀಳುತ್ತದೆ. ಬಯಲಿನಲ್ಲಿ ನೆಟ್ಟರೆ ರೀಸ್ಲಿಂಗ್ ದ್ರಾಕ್ಷಿ ಹಣ್ಣಾಗುತ್ತಲೇ ಇರಲಿಲ್ಲ. ದಕ್ಷಿಣಕ್ಕೆ ಮುಖ ಮಾಡಿದ ಕಡಿದಾದ ಗುಡ್ಡವೆಂದರೆ ನೆಲವನ್ನೇ ಎತ್ತಿ ಸೂರ್ಯನ ಕಡೆ ತಿರುಗಿಸಿದ ಹಾಗೆ. ಸ್ಲೇಟ್ ಹಗಲಿನ ಶಾಖ ಹಿಡಿದಿಟ್ಟುಕೊಂಡು ರಾತ್ರಿ ಬಿಡುತ್ತದೆ. ಕೆಳಗಿನ ನದಿ ಚಳಿಯ ಮೊನೆ ಮುರಿಯುತ್ತದೆ. ರೋಮನ್ನರ ಕಾಲದಿಂದ ಇಲ್ಲಿ ದ್ರಾಕ್ಷಿಯಿದೆ. ಆದರೆ ರೀಸ್ಲಿಂಗ್ ಇಷ್ಟು ಹಬ್ಬಿದ್ದಕ್ಕೆ 1787ರಲ್ಲಿ ಟ್ರಿಯರ್‌ನ ಆಳರಸ ಹೊರಡಿಸಿದ ಆಜ್ಞೆಯೂ ಒಂದು ಕಾರಣ: ಕಳಪೆ ಬಳ್ಳಿ ಕಿತ್ತು ಒಳ್ಳೆಯದನ್ನು ಹಾಕಿ ಎಂದು.

ನನಗೆ ನಗು ಬಂತು. ನಮ್ಮಲ್ಲಿ ಚಪ್ಪರ ಕಟ್ಟುವುದೇ ಗೊನೆಗೆ ಬಿಸಿಲು ಬಡಿಯಬಾರದೆಂದು. ಅಲ್ಲಿ ಗೊನೆಯ ಸುತ್ತಲಿನ ಎಲೆ ಕಿತ್ತು ಬಿಸಿಲು ತೋರಿಸುತ್ತಾರೆ. ನಮ್ಮ ಬಳ್ಳಿಗೆ ಚಳಿಗಾಲದ ನಿದ್ದೆಯೇ ಇಲ್ಲ. ಏಪ್ರಿಲ್‌ಗೊಮ್ಮೆ, ಅಕ್ಟೋಬರ್‌ಗೊಮ್ಮೆ ಚಾಟ್ನಿ ಮಾಡಿ, ಅಂದರೆ ಕೊಂಬೆ ಸವರಿ, ಕಣ್ಣು ಒಡೆಯಲೆಂದು ಔಷಧ ಹಚ್ಚಿ ನಾವೇ ಎಬ್ಬಿಸಬೇಕು. ಅವರ ಬಳ್ಳಿ ಚಳಿಗೆ ತಾನಾಗಿ ಮಲಗಿ ತಾನಾಗಿ ಏಳುತ್ತದೆ. ವರ್ಷಕ್ಕೆ ಒಂದೇ ಚಾಟ್ನಿ, ಅದೂ ಚಳಿಗಾಲದಲ್ಲಿ. ಇದನ್ನು ಹೇಳಿದಾಗ ಮಗಳು ಕೊಯ್ಯುವುದು ನಿಲ್ಲಿಸಿ, "ವರ್ಷಕ್ಕೆ ಎರಡು ಸಲವೇ? ಪಾಪ" ಎಂದಳು. ಪಾಪ ಎಂದದ್ದು ಬಳ್ಳಿಗೋ ನಮಗೋ ತಿಳಿಯಲಿಲ್ಲ.

ಸಕ್ಕರೆ ಅಳೆಯುವ ಸಾಧನ ಮಾತ್ರ ಎರಡೂ ಕಡೆ ಒಂದೇ. ಕಾಯಿ ಹಿಂಡಿ ಒಂದು ಹನಿ ಗಾಜಿನ ಮೇಲೆ ಬಿಟ್ಟು ನನ್ನ ಕೈಗೆ ಕೊಟ್ಟಳು. ಅವರು ಓಕ್ಸ್ಲೆ ಎಂಬ ಅಳತೆಯಲ್ಲಿ ಹೇಳುತ್ತಾರೆ, 83 ತೋರಿಸುತ್ತಿತ್ತು. ನಮ್ಮ ಲೆಕ್ಕದಲ್ಲಿ ಸುಮಾರು 20 ಬ್ರಿಕ್ಸ್. ಅಪ್ಪ ಇದೇ ಥರ ಒಂದು ಕಣ್ಣು ಮುಚ್ಚಿ ಬೆಳಕಿಗೆ ಹಿಡಿಯುತ್ತಿದ್ದದ್ದು ನೆನಪಾಯಿತು.

ಮಧ್ಯಾಹ್ನ ಊಟಕ್ಕೆ ಇಳಿದಾಗ ಯಜಮಾನರು ನೆಲಮಾಳಿಗೆ ತೋರಿಸಿದರು. ಅವರಿಗೆ ಇಂಗ್ಲಿಷ್ ಬಾರದು, ಮಗಳೇ ಅನುವಾದಿಸಿದಳು. ಒಂದೊಂದೂ ಸಾವಿರ ಲೀಟರ್ ಹಿಡಿಯುವ ಹಳೆಯ ಓಕ್ ಪೀಪಾಯಿಗಳು, ಫೂಡರ್ ಎನ್ನುತ್ತಾರೆ. ರಸ ಅಲ್ಲಿನ ತಂಪಿನಲ್ಲಿ ವಾರಗಟ್ಟಲೆ ನಿಧಾನವಾಗಿ ಹುಳಿಯುತ್ತದೆ. ಹಿಂದೆ ಚಳಿಗಾಲ ಬಿಗಿಯಾದ ಕೂಡಲೇ ಹುದುಗು ತಾನಾಗಿ ನಿಂತು, ವೈನಿನಲ್ಲಿ ಸ್ವಲ್ಪ ಸಿಹಿ ಉಳಿಯುತ್ತಿತ್ತು. ಮೋಸೆಲ್‌ನ ಆ ಸಿಹಿ-ಹುಳಿ ರುಚಿ ಚಳಿಯೇ ಕೊಟ್ಟದ್ದು. ಈಗ ತಂಪು ಮಾಡುವ ಯಂತ್ರ ಇಟ್ಟು ನಿಲ್ಲಿಸಬೇಕು. ಹಣ್ಣು ಬಳ್ಳಿಯಲ್ಲೇ ಹೆಪ್ಪುಗಟ್ಟಿದ ಮೇಲೆ ಕೊಯ್ದು ಮಾಡುವ ಐಸ್ ವೈನ್‌ಗೆ ಸೊನ್ನೆಗಿಂತ 7 ಡಿಗ್ರಿ ಕೆಳಗಿನ ಚಳಿ ಬೇಕು. 2019ರ ಬೆಳೆಗೆ ಅಷ್ಟು ಚಳಿ ಜರ್ಮನಿಯ ಯಾವ ವೈನ್ ಸೀಮೆಯಲ್ಲೂ ಬೀಳಲಿಲ್ಲ.

ನಾನು ಕುಡಿದದ್ದು ಕಾಬಿನೆಟ್ ಎಂಬ ಹಗುರ ಬಗೆ, ಆಲ್ಕೋಹಾಲ್ ಶೇಕಡ 8ರಷ್ಟು. ರುಚಿ ವರ್ಣಿಸುವ ವಿದ್ಯೆ ನನಗಿಲ್ಲ. ಹಸಿರು ಸೇಬು, ಆಮೇಲೆ ಮಾದಳದ ಸಿಪ್ಪೆ ಎಂದೆ. ಮಾದಳ ಎಂದರೇನು ಎಂದು ಅರ್ಧ ಗಂಟೆ ಚರ್ಚೆಯಾಯಿತು. (ಅವ್ವ ಈ ಪತ್ರಿಕೆ ಓದುವುದಿಲ್ಲ ಎಂಬ ಧೈರ್ಯದಿಂದ ಇದನ್ನು ಬರೆಯುತ್ತಿದ್ದೇನೆ.)

ಮನೆಯ ನಿಜವಾದ ವಿಷಯ ಹೊರಬಂದದ್ದು ಸಂಜೆ. ಕೊಯ್ಲಿನ ಕಾಲದಲ್ಲಿ ಅವರು ಅಂಗಳದಲ್ಲೇ ಬೆಂಚು ಹಾಕಿ ತಮ್ಮದೇ ವೈನ್ ಮಾರುತ್ತಾರೆ. ಬಾಗಿಲಿಗೆ ರೆಂಬೆಗಳ ಒಂದು ಕಟ್ಟು ತೂಗುಹಾಕಿದರೆ ತೆರೆದಿದೆ ಎಂದರ್ಥ. ವರ್ಷಕ್ಕೆ ನಾಲ್ಕು ತಿಂಗಳು, ಹೆಚ್ಚೆಂದರೆ ನಲವತ್ತು ಜನರಿಗೆ ಆಸನ, ಇದು ಕಾನೂನು. ನಾನು ಸಸ್ಯಾಹಾರಿ ಎಂದು ಯಜಮಾನತಿ ಈರುಳ್ಳಿ ಹರಡಿ ಬೇಯಿಸಿದ ರೊಟ್ಟಿಯಂಥದ್ದನ್ನು ಹಂದಿ ಮಾಂಸ ಹಾಕದೆ ಬೇರೆ ಮಾಡಿದ್ದರು. ಮೇಜಿನ ಮೇಲೆ ಅವರ ನೋಟುಬುಕ್ಕಿತ್ತು. ಪ್ರತಿ ಪಟ್ಟಿಯ ಜಮೀನಿಗೆ ಎಷ್ಟು ಗಂಟೆ ದುಡಿದರು ಎಂದು ಅವರೇ ಬರೆದಿಡುತ್ತಾರೆ. ಬಯಲಿನ ತೋಟದ ಲೆಕ್ಕ ಅರ್ಧ ಪುಟ. ಗುಡ್ಡದ್ದು ಪುಟ ಮಗುಚಿ ಮತ್ತೊಂದು ಪುಟ.

ಗುಡ್ಡದಲ್ಲಿ ಅವರಿಗೆ ಮೂರು ಪಟ್ಟಿಗಳಿವೆ. ಎರಡನ್ನು ಬಿಟ್ಟುಬಿಡುವುದೆಂದು ಜನವರಿಯಲ್ಲಿ ಯಜಮಾನರು ತೀರ್ಮಾನಿಸಿದ್ದರು. ಅವರಿಗೆ ಮೊಣಕಾಲು ನೋವು, ಕಲ್ಲಿನ ತಡೆಗೋಡೆ ಕಟ್ಟುವವರಿಲ್ಲ. ಅದಕ್ಕಿಂತ ದೊಡ್ಡ ಕಾರಣ ಬೇರೆ. ಸೆಕೆ ಹೆಚ್ಚಿದ್ದರಿಂದ ಈಗ ಬಯಲಿನಲ್ಲೂ ರೀಸ್ಲಿಂಗ್ ಚೆನ್ನಾಗಿ ಹಣ್ಣಾಗುತ್ತದೆ. ಬಿಸಿಲಿಗಾಗಿ ಗುಡ್ಡ ಹತ್ತಿದ ಮನೆತನಕ್ಕೆ ಈಗ ಗುಡ್ಡದ ಅಗತ್ಯವೇ ಉಳಿದಿಲ್ಲ. ಕೆಲವು ವರ್ಷ ಕಾಯಿಗೆ ಬಿಸಿಲೇಟು ಬೀಳುತ್ತದೆಂದು ಮಗಳು ಬಿಸಿಲಿನ ಕಡೆಯ ಎಲೆಗಳನ್ನು ಕೀಳುವುದನ್ನೂ ನಿಲ್ಲಿಸಿದ್ದಾಳೆ.

ಆಮೇಲೆ ಏಪ್ರಿಲ್ ಬಂತು. 2024ರ ಏಪ್ರಿಲ್ ಕೊನೆಯ ವಾರ, ಚಿಗುರು ಬಂದ ಮೇಲೆ, ಹಿಮ ಸುರಿಯಿತು. ತಣ್ಣನೆಯ ಗಾಳಿ ಭಾರ. ಅದು ಇಳಿದು ಬಯಲಿನಲ್ಲಿ ನಿಂತಿತು. ಇವರ ಬಯಲಿನ ಚಿಗುರು ಒಂದೇ ರಾತ್ರಿಯಲ್ಲಿ ಕಪ್ಪಾಯಿತು. ಗುಡ್ಡ ಉಳಿಯಿತು. ಆ ದಿನ ನಾವು ಕೊಯ್ದದ್ದು ಬಿಡಬೇಕೆಂದಿದ್ದ ಪಟ್ಟಿಗಳಲ್ಲೇ.

"ಒಂದು ವರ್ಷದ ಹಿಮಕ್ಕೆ ಲೆಕ್ಕ ಬದಲಾಗುವುದಿಲ್ಲ" ಎಂದರು ಯಜಮಾನರು. ಮಗಳು ಅದನ್ನು ನನಗೆ ಅನುವಾದಿಸಿ, ಅದೇ ಉಸಿರಿನಲ್ಲಿ ಅಪ್ಪನಿಗೆ ಜರ್ಮನ್‌ನಲ್ಲಿ ಏನೋ ಉತ್ತರ ಕೊಟ್ಟಳು. ಅದನ್ನು ಅನುವಾದಿಸಲಿಲ್ಲ. ಯಜಮಾನತಿ ನೋಟುಬುಕ್ ಮುಚ್ಚಿ ಒಳಗಿಟ್ಟರು. ಇಂಥ ಮೌನ ನನಗೆ ಹೊಸದಲ್ಲ, ನಮ್ಮ ಪಡಸಾಲೆಯಲ್ಲೂ ಇದೆ. ವ್ಯತ್ಯಾಸವೆಂದರೆ ಅವರು ಮೂವರೂ ಅಲ್ಲೇ ಇದ್ದರು.

ರೈಲಿಗೆ ಕಾಯುತ್ತ ಅಣ್ಣನಿಗೆ ಫೋನ್ ಮಾಡಿದೆ. ಊರಲ್ಲಿ ರಾತ್ರಿ ಹತ್ತರ ಮೇಲಾಗಿತ್ತು, ಎದ್ದಿದ್ದ. ಗುಡ್ಡ, ಹಳಿ, ಹಿಮ ಎಲ್ಲ ಹೇಳಿದೆ. ಅವನು ಕೇಳಿದ್ದು, "ಆಳಿಗೆ ಏನ್ ಕೊಡ್ತಾರ? ಬೇರು ಯಾವುದು?" ಫಿಲಾಕ್ಸರಾ ಎಂಬ ಹೇನಿನ ಕಾಟಕ್ಕೆ ಯುರೋಪಿನಲ್ಲಿ ಅಮೆರಿಕದ ಬೇರಿನ ಮೇಲೆ ಕಸಿ ಕಟ್ಟುತ್ತಾರೆ, ಆದರೆ ಈ ಸ್ಲೇಟ್ ನೆಲದಲ್ಲಿ ಹಳೆಯ ಬಳ್ಳಿಗಳು ಇನ್ನೂ ಸ್ವಂತ ಬೇರಿನ ಮೇಲಿವೆ ಎಂದೆ. "ಸ್ವಂತ ಬೇರ ಮ್ಯಾಲ?" ಎಂದು ಎರಡು ಸಲ ಕೇಳಿದ. ನಮ್ಮದೆಲ್ಲ ಡಾಗ್‌ರಿಡ್ಜ್ ಬೇರಿಗೆ ಕಟ್ಟಿದ ಥಾಮ್ಸನ್.

ಸ್ವಲ್ಪ ಹೊತ್ತು ಸುಮ್ಮನಿದ್ದು ಅಣ್ಣ, "ಮುಂದಿನ ವಾರ ಚಾಟ್ನಿ ಹಿಡೀತೀನಿ. ಹಳ್ಳದ ಆಚಿಗಿಂದು ಮಾಡ್ಲೋ, ಬಿಡ್ಲೋ?" ಎಂದ.

"ಮಾಡು. ನಾನೂ ಬರ್ತೀನಿ."

"ಬಂದು ಏನ್ ಮಾಡ್ತಿ?"

"ಚಾಟ್ನಿ."

ಅವನು ನಕ್ಕನೋ ಕೆಮ್ಮಿದನೋ ಗೊತ್ತಾಗಲಿಲ್ಲ. "ಕತ್ತರಿ ಎರಡ ಅದಾವ ಮನ್ಯಾಗ. ಬರೂದಾದ್ರ ಒಂದ್ ತಗೊಂಡ್ ಬಾ."

ಮರುದಿನ ಭಾನುವಾರ, ಅಲ್ಲಿ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಸೋಮವಾರ ಮೀಟಿಂಗ್ ಮುಗಿಸಿ ಫ್ರಾಂಕ್‌ಫರ್ಟ್‌ನ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಮಗಳ ಸೊಂಟದಲ್ಲಿದ್ದಂಥದೇ ಕತ್ತರಿ ಹುಡುಕಿ ಎರಡು ಕೊಂಡೆ. ಕೈಚೀಲದಲ್ಲಿ ಬಿಡುವುದಿಲ್ಲ ಎಂದು ನೆನಪಾಗಿ, ದೊಡ್ಡ ಬ್ಯಾಗಿನಲ್ಲಿ ಸ್ವೆಟರಿಗೆ ಸುತ್ತಿಟ್ಟೆ.