ಎತ್ತು ಬಲಿತರೆ ನೊಗವೂ ಬಲಿಯಬೇಕು: ‘ಸನ್‌ಬೀಮ್ ಟೈಗರ್’ ಕಲಿಸುವ ಯಂತ್ರಪಾಠ

ವಾಹನವೊಂದಕ್ಕೆ ಮೊದಲಿಗಿಂತ ದೊಡ್ಡ ಎಂಜಿನ್ ಅಳವಡಿಸಿದರೆ ಅದು ಹೆಚ್ಚು ವೇಗವಾಗಿ ಓಡುತ್ತದೆ ಎಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಆ ಎಂಜಿನ್ ಎಲ್ಲಿ ಕೂರಬೇಕು, ಅದರ ಉಷ್ಣ ಎಲ್ಲಿಗೆ ಹೋಗಬೇಕು, ಅದರ ಬಲವನ್ನು ಯಾವ ಭಾಗ ತಡೆದುಕೊಳ್ಳಬೇಕು, ಹಾಗೆ ಓಡಿದ ಗಾಡಿಯನ್ನು ಯಾವುದು ನಿಲ್ಲಿಸಬೇಕು ಎಂಬ ಪ್ರಶ್ನೆಗಳು ಅಷ್ಟು ಸುಲಭವಾಗಿ ಹೊಳೆಯುವುದಿಲ್ಲ. ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿ ಬರುವ ಬಲ, ಕೆಲಸ, ಸಾಮರ್ಥ್ಯ, ಚಲನಶಕ್ತಿ ಎಂಬ ಪದಗಳೆಲ್ಲ ಈ ಪ್ರಶ್ನೆಗಳಲ್ಲಿ ಒಟ್ಟಿಗೆ ಕೂಡಿಬರುತ್ತವೆ. ಇದನ್ನು ವಿವರಿಸಲು 1960ರ ದಶಕದ ಒಂದು ಬ್ರಿಟಿಷ್ ಕ್ರೀಡಾಕಾರಿಗಿಂತ ಉತ್ತಮವಾದ ಉದಾಹರಣೆ ಸಿಗುವುದು ಕಷ್ಟ. ಅದರ ಹೆಸರು ‘ಸನ್‌ಬೀಮ್ ಟೈಗರ್’.

ಚೆಲುವಿದ್ದ, ಬಲವಿಲ್ಲದ ಕಾರು

ಇಂಗ್ಲೆಂಡಿನ ರೂಟ್ಸ್ ಸಮೂಹವು 1959ರಲ್ಲಿ ‘ಸನ್‌ಬೀಮ್ ಆಲ್ಪೈನ್’ ಎಂಬ ಎರಡಾಸನದ ತೆರೆದ ಕಾರನ್ನು ಮಾರುಕಟ್ಟೆಗೆ ತಂದಿತು. ಹಿಲ್‌ಮನ್ ಹಸ್ಕಿ ಎಂಬ ಸಾಮಾನ್ಯ ಕುಟುಂಬವಾಹನದ ತಳಹದಿಯನ್ನೇ ಬಲಪಡಿಸಿ ಅದನ್ನು ರೂಪಿಸಲಾಗಿತ್ತು. ಅದರ ನಾಲ್ಕು ಸಿಲಿಂಡರುಗಳ ಎಂಜಿನ್ ಮೊದಲಿಗೆ 1494 ಘನ ಸೆಂಟಿಮೀಟರ್, ಮರುವರ್ಷದಿಂದ 1592 ಘನ ಸೆಂಟಿಮೀಟರ್ ಗಾತ್ರದ್ದಾಯಿತು. ಅದರ ಸಾಮರ್ಥ್ಯ ಸುಮಾರು 80 ಅಶ್ವಶಕ್ತಿ. ಪರಮಾವಧಿ ವೇಗ ಗಂಟೆಗೆ ಸುಮಾರು 160 ಕಿಲೋಮೀಟರ್. ನೋಡಲು ಅಂದವಾದ, ಕೂರಲು ಸುಖವಾದ ಕಾರು ಅದು. ಆದರೆ ಅಮೆರಿಕದ ಗ್ರಾಹಕರು ಕ್ರೀಡಾಕಾರಿನಿಂದ ನಿರೀಕ್ಷಿಸುತ್ತಿದ್ದ ಬಿರುಸು ಅದರಲ್ಲಿ ಇರಲಿಲ್ಲ.

ಅದೇ ಕಾಲದಲ್ಲಿ, 1962ರಲ್ಲಿ, ಅಮೆರಿಕದ ಓಟಗಾರ ಕ್ಯಾರಲ್ ಶೆಲ್ಬಿಯವರು ‘ಎ.ಸಿ. ಏಸ್’ ಎಂಬ ಇನ್ನೊಂದು ಬ್ರಿಟಿಷ್ ಕಾರಿಗೆ ಫೋರ್ಡ್ ಕಂಪನಿಯ ಎಂಟು ಸಿಲಿಂಡರುಗಳ ಎಂಜಿನ್ ಜೋಡಿಸಿ ‘ಕೋಬ್ರಾ’ ಎಂಬ ಹೊಸ ಕಾರನ್ನೇ ಹುಟ್ಟಿಸಿದ್ದರು. ರೂಟ್ಸ್ ಸಮೂಹದ ಅಮೆರಿಕ ಪಶ್ಚಿಮ ಕರಾವಳಿಯ ಮಾರಾಟಾಧಿಕಾರಿ ಇಯಾನ್ ಗರಾಡ್ ಅವರು ಆಲ್ಪೈನಿಗೂ ಇಂಥದೇ ಕಾಯಕಲ್ಪ ಸಾಧ್ಯವೇ ಎಂದು ಯೋಚಿಸಿದರು. ಹೊಸ ಎಂಜಿನ್ ಒಂದನ್ನು ಮೊದಲಿನಿಂದ ವಿನ್ಯಾಸಗೊಳಿಸಲು ರೂಟ್ಸ್ ಬಳಿ ಹಣವೂ ಇರಲಿಲ್ಲ, ಕಾಲವೂ ಇರಲಿಲ್ಲ. ಬೇರೆಯವರ ಸಿದ್ಧ ಎಂಜಿನ್ ತಂದು ತಮ್ಮ ಕಾರಿನ ಮೂತಿಯೊಳಗೆ ಕೂರಿಸುವುದೊಂದೇ ದಾರಿಯಾಗಿತ್ತು.

ಅಳತೆಯೇ ಮೊದಲ ಪರೀಕ್ಷೆ

ಇಲ್ಲಿ ಗಮನಿಸಬೇಕಾದ ವಿಷಯವೊಂದಿದೆ. ಅವರು ಮೊದಲು ಕೇಳಿದ ಪ್ರಶ್ನೆ ‘ಯಾವ ಎಂಜಿನ್ ಅತ್ಯಂತ ಬಲಶಾಲಿ?’ ಎಂಬುದಲ್ಲ, ‘ಯಾವುದು ಇದರೊಳಗೆ ಹಿಡಿಸುತ್ತದೆ?’ ಎಂಬುದು. ರೂಟ್ಸ್ ಸೇವಾ ವಿಭಾಗದ ವಾಲ್ಟರ್ ಮೆಕೆಂಜಿ ಅವರು ಅಳತೆಗೋಲು ಹಿಡಿದು ಅಂದಿನ ಹಲವು ಕಾರುಗಳ ಎಂಜಿನ್‌ಗಳನ್ನು ಅಳೆದು ಬಂದರು. ಆ ಪರೀಕ್ಷೆಯಲ್ಲಿ ಗೆದ್ದದ್ದು ಫೋರ್ಡ್‌ನ 260 ಘನ ಅಂಗುಲದ, ಅಂದರೆ ಸುಮಾರು 4.26 ಲೀಟರಿನ ‘ವಿ-8’ ಎಂಜಿನ್.

ಅದು ಗೆದ್ದದ್ದಕ್ಕೆ ಕಾರಣಗಳಿದ್ದವು. ತೆಳುಗೋಡೆಯ ಎರಕ ಎಂಬ ಹೊಸ ವಿಧಾನದಿಂದ ಫೋರ್ಡ್ ಈ ಕಬ್ಬಿಣದ ಎಂಜಿನ್ನನ್ನು ತಯಾರಿಸುತ್ತಿತ್ತು. ಹೀಗಾಗಿ ಎಂಟು ಸಿಲಿಂಡರುಗಳಿದ್ದರೂ ಅದರ ತೂಕ ಸುಮಾರು 200 ಕಿಲೋಗ್ರಾಂ ಮಾತ್ರ. ನಾಲ್ಕು ಸಿಲಿಂಡರುಗಳು ಒಂದೇ ಸಾಲಿನಲ್ಲಿ ನಿಂತಿದ್ದರೆ ಒಂದು ಉದ್ದವಾಗುತ್ತದೆ; ಎಂಟು ಸಿಲಿಂಡರುಗಳನ್ನು ನಾಲ್ಕು ನಾಲ್ಕರಂತೆ ಎರಡು ಸಾಲಾಗಿ, ನಡುವೆ 90 ಡಿಗ್ರಿ ಕೋನವಿಟ್ಟು ನಿಲ್ಲಿಸಿದರೆ ಉದ್ದ ಹೆಚ್ಚು ಬೆಳೆಯುವುದಿಲ್ಲ. ಬೆಳೆಯುವುದು ಅಗಲ. ಹೊಸ ಎಂಜಿನ್ ಹಳೆಯದಕ್ಕಿಂತ ಕೆಲವೇ ಅಂಗುಲ ಉದ್ದವಿತ್ತು. ಅಗಲವೇ ನಿಜವಾದ ತೊಡಕಾಗಿತ್ತು.

ಇನ್ನೊಂದು ಅನುಕೂಲವೂ ಇತ್ತು. ಪ್ರತಿ ಸಿಲಿಂಡರಿಗೆ ಸರಿಯಾದ ಕ್ಷಣದಲ್ಲಿ ವಿದ್ಯುತ್ ಕಿಡಿಯನ್ನು ಹಂಚುವ ಸಾಧನಕ್ಕೆ ಡಿಸ್ಟ್ರಿಬ್ಯೂಟರ್ ಎನ್ನುತ್ತಾರೆ. ಫೋರ್ಡ್ ಎಂಜಿನ್ನಿನಲ್ಲಿ ಇದು ಮುಂಬದಿಯಲ್ಲಿತ್ತು. ಆದ್ದರಿಂದ ಎಂಜಿನ್ನನ್ನು ಹಿಂದಿನ ಗೋಡೆಗೆ ತಾಗುವಷ್ಟು ಹಿಂದಕ್ಕೆ ತಳ್ಳಲು ಸಾಧ್ಯವಿತ್ತು. ಈ ಪುಟ್ಟ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಕಾರಿನ ಅಳಿವು ಉಳಿವುಗಳನ್ನು ಕೊನೆಗೆ ನಿರ್ಧರಿಸಿದ್ದು ಇದೇ.

ಒಂದು ಬದಲಾದರೆ ಹತ್ತು ಬದಲಾಗಬೇಕು

1963ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎರಡು ಮಾದರಿ ಕಾರುಗಳು ಸಿದ್ಧವಾದವು. ಒಂದನ್ನು ಓಟಗಾರ ಕೆನ್ ಮೈಲ್ಸ್ ಕೆಲವೇ ದಿನಗಳಲ್ಲಿ, ‘ಎಂಜಿನ್ ಕೂರುತ್ತದೆಯೇ?’ ಎಂಬುದನ್ನು ತಿಳಿಯುವುದಕ್ಕಾಗಿಯೇ ಕಟ್ಟಿದರು. ಇನ್ನೊಂದನ್ನು ಶೆಲ್ಬಿಯವರ ಕಾರ್ಯಾಗಾರ ಹೆಚ್ಚು ಸಾವಧಾನವಾಗಿ ರೂಪಿಸಿತು. ಎಂಜಿನ್ ಕೂತಿತು, ಆದರೆ ಅದು ಒಂಟಿಯಾಗಿ ಕೂರಲಿಲ್ಲ.

ಮೊದಲ ಅಡ್ಡಿ ಸ್ಟಿಯರಿಂಗ್. ಆಲ್ಪೈನಿನ ಹಳೆಯ ಸ್ಟಿಯರಿಂಗ್ ಪೆಟ್ಟಿಗೆ ಮತ್ತು ಅದರ ಸರಳುಗಳು ಅಗಲವಾದ ಎಂಜಿನ್ನಿಗೆ ಬೇಕಾದ ಜಾಗದಲ್ಲೇ ಇದ್ದವು. ಅವನ್ನು ತೆಗೆದು, ಹಲ್ಲುಸರಳು ಮತ್ತು ಹಲ್ಲುಗಾಲಿಯ ‘ರ್‍ಯಾಕ್ ಆ್ಯಂಡ್ ಪಿನಿಯನ್’ ವ್ಯವಸ್ಥೆಯನ್ನು ಎಂಜಿನ್ನಿನ ಮುಂದೆ ಇಡಲಾಯಿತು. ಇದರಿಂದ ಜಾಗ ಸಿಕ್ಕಿತು. ಜತೆಗೆ ಬೆಲೆಯನ್ನೂ ತೆರಬೇಕಾಯಿತು. ಕಾರು ತಿರುಗುವಾಗ ಒಳಬದಿಯ ಚಕ್ರ ಚಿಕ್ಕ ವೃತ್ತದಲ್ಲಿಯೂ ಹೊರಬದಿಯದು ದೊಡ್ಡ ವೃತ್ತದಲ್ಲಿಯೂ ಸಾಗುವುದರಿಂದ ಒಳಚಕ್ರ ಹೆಚ್ಚು ಕೋನಕ್ಕೆ ತಿರುಗಬೇಕು. ಸ್ಟಿಯರಿಂಗ್ ಸರಳನ್ನು ಸ್ಥಳದ ಒತ್ತಾಯಕ್ಕೆ ಮುಂದಿಟ್ಟಾಗ ಈ ಲೆಕ್ಕ ಅಷ್ಟು ಚೆನ್ನಾಗಿ ಹೊಂದಲಿಲ್ಲ. ಕಡಿದಾದ ತಿರುವುಗಳಲ್ಲಿ ಟೈಗರ್ ಟಯರು ಉಜ್ಜುತ್ತದೆ ಎಂಬುದು ಅದರ ಮಾಲೀಕರಿಗೆಲ್ಲ ಗೊತ್ತಿರುವ ಮಾತು.

ಎರಡನೆಯದು ಗೇರುಪೆಟ್ಟಿಗೆ ಮತ್ತು ಹಿಂದಿನ ಅಚ್ಚು. ಹೊಸ ಎಂಜಿನ್ನಿನ ತಿರುಚುಬಲ ಸುಮಾರು 350 ನ್ಯೂಟನ್ ಮೀಟರ್. ಹಳೆಯ ಹಲ್ಲುಗಾಲಿಗಳು ಅದನ್ನು ತಾಳಲಾರವು. ಆದ್ದರಿಂದ ಅಮೆರಿಕದ ಬಲವಾದ ಗೇರುಪೆಟ್ಟಿಗೆಯನ್ನೂ ಗಟ್ಟಿಮುಟ್ಟಾದ ಹಿಂದಿನ ಅಚ್ಚನ್ನೂ ತರಲಾಯಿತು. ಅಚ್ಚಿನ ಗೇರು ಅನುಪಾತವೂ ಬದಲಾಗಿ 2.88ಕ್ಕೆ 1 ಆಯಿತು. ಅಂದರೆ ಎಂಜಿನ್ನಿನ ಕಡೆಯ ದಂಡ 2.88 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಎಂಜಿನ್ ನಿಧಾನವಾಗಿ ತಿರುಗುವಾಗಲೇ ಸಾಕಷ್ಟು ಬಲ ಕೊಡುತ್ತಿದ್ದುದರಿಂದ ಅದನ್ನು ಹೆಚ್ಚು ಸುತ್ತಿಸುವ ಅಗತ್ಯ ಉಳಿಯಲಿಲ್ಲ.

ಮೂರನೆಯದು ಹಿಂದಿನ ಅಚ್ಚಿನ ಪಕ್ಕದ ಓಲಾಟ. ಬಲ ಹೆಚ್ಚಿದಂತೆ ಅಚ್ಚು ಬಾಡಿಯ ಅಡಿಯಲ್ಲಿ ಎಡಬಲಕ್ಕೆ ಸರಿಯಲು ಹವಣಿಸುತ್ತದೆ. ಅದನ್ನು ತಡೆಯಲು ಅಚ್ಚಿನಿಂದ ಬಾಡಿಗೆ ಅಡ್ಡಲಾಗಿ ‘ಪ್ಯಾನ್‌ಹಾರ್ಡ್ ಸರಳು’ ಜೋಡಿಸಲಾಯಿತು. ಎತ್ತಿನ ಗಾಡಿಯ ಗಾಲಿ ಅಚ್ಚಿನಿಂದ ಕಳಚದಂತೆ ಕೀಲು ಹಾಕುವವರಿಗೆ ಇದರ ತತ್ತ್ವವನ್ನು ವಿವರಿಸಬೇಕಾಗಿಲ್ಲ.

ನಾಲ್ಕನೆಯದು ತೂಕದ ಹಂಚಿಕೆ. ಕಾರಿನ ಒಟ್ಟು ತೂಕ ಸುಮಾರು 1,007ರಿಂದ 1,145 ಕಿಲೋಗ್ರಾಮಿಗೆ ಏರಿತು. ಹೆಚ್ಚಿದ ಭಾರವೆಲ್ಲ ಮೂತಿಯ ಮೇಲೆಯೇ ಬಿದ್ದರೆ ಕಾರು ತಿರುವಿನಲ್ಲಿ ಮಾತು ಕೇಳುವುದಿಲ್ಲ. ಎಂಜಿನ್ನನ್ನು ಸಾಧ್ಯವಾದಷ್ಟು ಹಿಂದಕ್ಕೆ ಸರಿಸಿ, ಬ್ಯಾಟರಿಯನ್ನು ಹಿಂದಿನ ಸಾಮಾನು ಪೆಟ್ಟಿಗೆಗೆ ಸಾಗಿಸಿ, ಮುಂದಿನ ಮತ್ತು ಹಿಂದಿನ ಚಕ್ರಗಳ ಮೇಲಿನ ಭಾರವನ್ನು ಸುಮಾರು 52ಕ್ಕೆ 48ರ ಅನುಪಾತದಲ್ಲಿ ಉಳಿಸಿಕೊಳ್ಳಲಾಯಿತು.

ಸುತ್ತಿಗೆಯ ಪೆಟ್ಟು, ಕೈಗೆಟುಕದ ಪ್ಲಗ್

1964ರ ಏಪ್ರಿಲಿನಲ್ಲಿ ನ್ಯೂಯಾರ್ಕ್ ವಾಹನ ಪ್ರದರ್ಶನದಲ್ಲಿ ಟೈಗರ್ ಬಿಡುಗಡೆಯಾಯಿತು. 1926ರಲ್ಲಿ ಹೆನ್ರಿ ಸೀಗ್ರೇವ್ ಅವರು ನೆಲದ ಮೇಲಿನ ವೇಗದಾಖಲೆ ಸ್ಥಾಪಿಸಿದ ಸನ್‌ಬೀಮ್ ಓಟದ ಕಾರಿನ ಹೆಸರನ್ನೇ ಇದಕ್ಕೆ ಇಡಲಾಗಿತ್ತು. ಜೋಡಣೆಯ ಕೆಲಸವನ್ನು ವೆಸ್ಟ್ ಬ್ರಾಮ್ವಿಚ್‌ನ ಜೆನ್ಸನ್ ಕಾರ್ಖಾನೆಗೆ ವಹಿಸಲಾಯಿತು. ಅಲ್ಲಿ ಬಣ್ಣ ಬಳಿದು ಸಿದ್ಧವಾಗಿ ಬಂದ ಬಾಡಿಗಳ ಒಳಗೋಡೆಯನ್ನು ಕೆಲಸಗಾರರು ದೊಡ್ಡ ಸುತ್ತಿಗೆಯಿಂದ ಬಡಿದು ತಗ್ಗಿಸಿದ ಮೇಲಷ್ಟೇ ಎಂಜಿನ್ ಒಳಗಿಳಿಯುತ್ತಿತ್ತು. ಎಂಟು ಸ್ಪಾರ್ಕ್ ಪ್ಲಗ್‌ಗಳ ಪೈಕಿ ಒಂದನ್ನು ಬಾನೆಟ್ ತೆರೆದು ಬಿಚ್ಚಲು ಆಗುತ್ತಿರಲಿಲ್ಲ. ಕಾರಿನ ಒಳಗೆ, ಕಾಲಿಡುವ ಜಾಗದ ಬಳಿ ಕೊರೆದ ರಂಧ್ರದ ಮುಚ್ಚಳ ತೆಗೆದು ಬಿಚ್ಚಬೇಕಿತ್ತು.

ಇಂಥ ಇಕ್ಕಟ್ಟಿನಲ್ಲಿ ಗಾಳಿಯಾಡುವುದು ಕಷ್ಟ. ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನದ ಶಕ್ತಿಯ ಚಿಕ್ಕ ಪಾಲು ಮಾತ್ರ ಚಕ್ರಕ್ಕೆ ತಲುಪುತ್ತದೆ. ಉಳಿದದ್ದರಲ್ಲಿ ಹೆಚ್ಚಿನದು ಹೊಗೆಯ ಕೊಳವೆಯ ಮೂಲಕವೂ ರೇಡಿಯೇಟರಿನ ಮೂಲಕವೂ ಉಷ್ಣವಾಗಿ ಹೊರಹೋಗಬೇಕು. ಸಾಮರ್ಥ್ಯ ಇಮ್ಮಡಿಯಾದರೆ ಹೊರಹಾಕಬೇಕಾದ ಉಷ್ಣವೂ ಹೆಚ್ಚುಕಡಿಮೆ ಇಮ್ಮಡಿ. ಮೂತಿಯ ಬಾಯಿ ಮಾತ್ರ ಮೊದಲಿನಷ್ಟೇ. ಸೆಕೆಯ ದಿನಗಳಲ್ಲಿ, ವಾಹನ ದಟ್ಟಣೆಯಲ್ಲಿ ಟೈಗರ್ ಬಿಸಿಯೇರುತ್ತಿದ್ದುದಕ್ಕೆ ಇದೇ ಕಾರಣ.

ಲೆಕ್ಕ ಹೇಳುವ ಎಚ್ಚರಿಕೆ

ಟೈಗರಿನ ಸಾಮರ್ಥ್ಯ 164 ಅಶ್ವಶಕ್ತಿ, ಅಂದರೆ ಆಲ್ಪೈನಿನ ಸುಮಾರು ಎರಡರಷ್ಟು. ಆದರೆ ಪರಮಾವಧಿ ವೇಗ ಗಂಟೆಗೆ 160ರಿಂದ ಸುಮಾರು 193 ಕಿಲೋಮೀಟರಿಗೆ ಏರಿತು, ಇಮ್ಮಡಿಯಾಗಲಿಲ್ಲ. ಏಕೆಂದರೆ ಗಾಳಿಯ ತಡೆಯನ್ನು ಮೀರಲು ಬೇಕಾದ ಸಾಮರ್ಥ್ಯವು ವೇಗದ ಘನಕ್ಕೆ ಅನುಗುಣವಾಗಿ ಬೆಳೆಯುತ್ತದೆ. ವೇಗ 1.2 ಪಟ್ಟಾಗಬೇಕಾದರೆ ಸಾಮರ್ಥ್ಯ 1.2 × 1.2 × 1.2, ಅಂದರೆ ಸುಮಾರು 1.73 ಪಟ್ಟು ಬೇಕು.

ಚಲನಶಕ್ತಿಯ ಸೂತ್ರ ½mv² ಎಂಬುದನ್ನು ಮಕ್ಕಳು ಒಂಬತ್ತನೆಯ ತರಗತಿಯಲ್ಲಿ ಕಲಿಯುತ್ತಾರೆ. 1,007 ಕಿಲೋಗ್ರಾಂ ತೂಕದ ಆಲ್ಪೈನ್ ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 995 ಕಿಲೋಜೂಲ್. 1,145 ಕಿಲೋಗ್ರಾಮಿನ ಟೈಗರ್ 193 ಕಿಲೋಮೀಟರ್ ವೇಗದಲ್ಲಿದ್ದಾಗ ಸುಮಾರು 1,645 ಕಿಲೋಜೂಲ್. ಕಾರು ನಿಲ್ಲಬೇಕಾದರೆ ಬ್ರೇಕುಗಳು ಈ ಶಕ್ತಿಯನ್ನೆಲ್ಲ ಉಷ್ಣವಾಗಿ ಮಾರ್ಪಡಿಸಬೇಕು. ಕೆಲಸ ಸುಮಾರು ಶೇಕಡಾ 65ರಷ್ಟು ಹೆಚ್ಚಿತು. ಚಕ್ರಗಳು ಮಾತ್ರ ಅದೇ 13 ಅಂಗುಲದವು, ಬ್ರೇಕುಗಳೂ ಬಹುಮಟ್ಟಿಗೆ ಆಲ್ಪೈನಿನವೇ.

ಮೂತಿಯಲ್ಲಿ ಜಾಗವೇ ಇಲ್ಲದಿದ್ದಾಗ ಸಾಮರ್ಥ್ಯವನ್ನು ಮತ್ತಷ್ಟು ಹೆಚ್ಚಿಸುವುದು ಹೇಗೆ? 1967ರ ಎರಡನೆಯ ಮಾದರಿಯಲ್ಲಿ ಇದಕ್ಕೆ ಉತ್ತರವಿದೆ. ಅದಕ್ಕೆ ಅದೇ ಕುಟುಂಬದ 289 ಘನ ಅಂಗುಲದ ಎಂಜಿನ್ ಬಂತು. ಹೊರಗಿನ ಆಕಾರ ಹೆಚ್ಚುಕಡಿಮೆ ಅದೇ. ಸಿಲಿಂಡರಿನ ಒಳವ್ಯಾಸ ಮಾತ್ರ 96.5ರಿಂದ 101.6 ಮಿಲಿಮೀಟರಿಗೆ ಹಿಗ್ಗಿತ್ತು. ಪಿಸ್ಟನ್ ಚಲಿಸುವ ದೂರ ಎರಡರಲ್ಲೂ 72.9 ಮಿಲಿಮೀಟರ್. πr²h ಸೂತ್ರಕ್ಕೆ ಈ ಅಂಕಿಗಳನ್ನು ಹಾಕಿ ಎಂಟರಿಂದ ಗುಣಿಸಿದರೆ ಮೊದಲನೆಯದು ಸುಮಾರು 4.27 ಲೀಟರ್, ಎರಡನೆಯದು ಸುಮಾರು 4.73 ಲೀಟರ್. ವ್ಯಾಸ ಶೇಕಡಾ 5ರಷ್ಟು ಹೆಚ್ಚಿದರೆ ಗಾತ್ರ ಶೇಕಡಾ 10ಕ್ಕಿಂತ ಹೆಚ್ಚು ಬೆಳೆಯುತ್ತದೆ. ಸಾಮರ್ಥ್ಯ 200 ಅಶ್ವಶಕ್ತಿಗೆ ಏರಿತು. ಹತ್ತನೆಯ ತರಗತಿಯ ಮಕ್ಕಳು ಈ ಲೆಕ್ಕವನ್ನು ಸ್ವತಃ ಮಾಡಿ ನೋಡಬಹುದು.

ಕೈ ತಪ್ಪಿದ ಕಾರು

ಅಷ್ಟರಲ್ಲಿ ರೂಟ್ಸ್ ಸಮೂಹ ನಷ್ಟದಲ್ಲಿ ಸಿಲುಕಿತ್ತು. 1964ರಲ್ಲಿ ಅದರ ಷೇರುಗಳನ್ನು ಕೊಳ್ಳತೊಡಗಿದ ಅಮೆರಿಕದ ಕ್ರೈಸ್ಲರ್ ಕಂಪನಿ 1967ರ ಹೊತ್ತಿಗೆ ಅದರ ಒಡೆತನವನ್ನು ಪಡೆಯಿತು. ತನ್ನ ಪ್ರತಿಸ್ಪರ್ಧಿ ಫೋರ್ಡ್‌ನ ಎಂಜಿನ್ ಇರುವ ಕಾರನ್ನು ಕ್ರೈಸ್ಲರ್ ಎಷ್ಟು ಕಾಲ ಮಾರೀತು? ಅದರ ಬಳಿ 273 ಘನ ಅಂಗುಲದ ತನ್ನದೇ ವಿ-8 ಎಂಜಿನ್ ಇತ್ತು. ಆದರೆ ಅದರ ಡಿಸ್ಟ್ರಿಬ್ಯೂಟರ್ ಹಿಂಬದಿಯಲ್ಲಿತ್ತು. ಟೈಗರಿನ ಒಳಗೋಡೆಯ ಮುಂದೆ ಅದಕ್ಕೆ ಜಾಗವಿರಲಿಲ್ಲ. ಸುಮಾರು 7,000 ಕಾರುಗಳು ತಯಾರಾದ ಬಳಿಕ 1967ರಲ್ಲಿ ಟೈಗರ್ ನಿಂತುಹೋಯಿತು. ಬಲದಲ್ಲಿ ಕೊರತೆಯಿಲ್ಲದ ಎಂಜಿನ್ ಒಂದು, ಹೊಂದಿಕೆಯ ಕೊರತೆಯಿಂದ ನಿರುಪಯುಕ್ತವಾಯಿತು.

ನಮ್ಮ ಮನೆಯಂಗಳದಲ್ಲಿ

ಈ ಕಥೆಯನ್ನು ಓದಿದ ಎಳೆಯರಿಗೆ ಮನೆಯ ಬೈಕನ್ನೋ ಕಾರನ್ನೋ ‘ಬಲಪಡಿಸುವ’ ಆಸೆ ಹುಟ್ಟಬಹುದು. ಕುತೂಹಲ ಒಳ್ಳೆಯದು, ಆದರೆ ರಸ್ತೆಗಿಳಿಯುವ ವಾಹನಕ್ಕೆ ಕಾನೂನಿನ ಮಿತಿಯಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ಸೂಚಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳ ಹೈಕೋರ್ಟಿನ ತೀರ್ಪೊಂದರ ವಿರುದ್ಧದ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಮಾರ್ಪಾಟಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ಇದು ಕೇಂದ್ರದ ಕಾಯಿದೆಯಾದ್ದರಿಂದ ಗಡಿಯ ಈಚೆಗೂ ಆಚೆಗೂ ಒಂದೇ. ಸಿ.ಎನ್.ಜಿ. ಅಥವಾ ಬ್ಯಾಟರಿಯಂಥ ಬೇರೆ ಇಂಧನಕ್ಕೆ ಬದಲಾಯಿಸುವುದಕ್ಕೂ ಅಂಗೀಕೃತ ಸಾಧನವನ್ನೇ ಬಳಸಿ, ನಿಯಮದ ಪ್ರಕಾರ ನಡೆಯಬೇಕು.

ಕಾನೂನಿನ ಹಿಂದಿರುವುದು ಮೇಲೆ ಹೇಳಿದ ಲೆಕ್ಕಗಳೇ. ಮಗನೋ ಮಗಳೋ ಇಂಥ ಮಾರ್ಪಾಟಿನ ಮಾತೆತ್ತಿದಾಗ ಗದರುವುದಕ್ಕಿಂತ ನಾಲ್ಕು ಪ್ರಶ್ನೆ ಕೇಳುವುದು ಮೇಲು: ಹೆಚ್ಚಿದ ಶಕ್ತಿಯನ್ನು ಬ್ರೇಕು ತಡೆದೀತೇ? ಹೆಚ್ಚಿದ ಉಷ್ಣ ಎಲ್ಲಿಗೆ ಹೋಗುತ್ತದೆ? ಚೌಕಟ್ಟೂ ಚಕ್ರಗಳೂ ಈ ಬಲವನ್ನು ತಾಳುತ್ತವೆಯೇ? ನಾಳೆ ದುರಸ್ತಿಗೆ ಕೈ ಹಿಡಿಸುವಷ್ಟು ಜಾಗ ಉಳಿದಿದೆಯೇ? ಕಾಗದ ಪೆನ್ಸಿಲು ಹಿಡಿದು, ಪಠ್ಯಪುಸ್ತಕದ ಸೂತ್ರಗಳಿಂದಲೇ ಇವುಗಳಿಗೆ ಉತ್ತರ ಹುಡುಕಲು ತೊಡಗಿದ ವಿದ್ಯಾರ್ಥಿ ಯಂತ್ರಶಾಸ್ತ್ರದ ಮೊದಲ ಮೆಟ್ಟಿಲನ್ನು ಆಗಲೇ ಏರಿರುತ್ತಾನೆ.