ಹಡ್ಸನ್ ಶಾಲೆಯಿಂದ ಓಡಿಹೋದವರು

1932ರಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಊರಿನ ಹೆಣ್ಣುಮಕ್ಕಳ ತರಬೇತಿ ಶಾಲೆಯಿಂದ ಎರಡೇ ವಾರದಲ್ಲಿ 14 ಹುಡುಗಿಯರು ತಪ್ಪಿಸಿಕೊಂಡು ಹೋದರು. ಹೇಳಿದ ಮಾತು ಕೇಳದವರು, ಹತೋಟಿಗೆ ಸಿಗದವರು ಎಂದು ಕೋರ್ಟು ಕಳಿಸಿದ್ದ ಮಕ್ಕಳ ಶಾಲೆ ಅದು. ಇಂಥ ಹೊತ್ತಿನಲ್ಲಿ ಬೀಗ ಬಿಗಿ ಮಾಡುವುದೇ ಎಲ್ಲರಿಗೂ ಹೊಳೆಯುವ ಉಪಾಯ. ಅಲ್ಲಿ ಸಂಶೋಧನೆಯ ಹೊಣೆ ಹೊತ್ತಿದ್ದ ವೈದ್ಯ ಜೇಕಬ್ ಮೊರೆನೊ ಬೇರೆ ದಾರಿ ಹಿಡಿದರು. ಆ ದಾರಿ ಅವರಿಗೆ ಹತ್ತು ವರ್ಷ ಹಿಂದೆ ವಿಯೆನ್ನಾದ ರಂಗದ ಮೇಲೆ ಸಿಕ್ಕಿತ್ತು.

ವೈದ್ಯಕೀಯ ಓದುತ್ತಿದ್ದಾಗಲೇ ಮೊರೆನೊ ವಿಯೆನ್ನಾದ ಔಗಾರ್ಟನ್ ಉದ್ಯಾನದಲ್ಲಿ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕತೆ ಹೇಳಿ, ಆ ಕತೆಯನ್ನು ಅವರಿಂದಲೇ ಆಡಿಸುತ್ತಿದ್ದರು. 1920ರ ದಶಕದ ಮೊದಲಲ್ಲಿ ಬರೆದ ಮಾತೇ ಇಲ್ಲದ ರಂಗಭೂಮಿಯೊಂದನ್ನು ಕಟ್ಟಿದರು. ತಾಳಮದ್ದಳೆಯ ಅರ್ಥಧಾರಿಗೆ ಪ್ರಸಂಗದ ಪದ್ಯವಾದರೂ ಆಸರೆಗಿರುತ್ತದೆ. ಇಲ್ಲಿ ನಟರಿಗಿದ್ದದ್ದು ಒಂದು ಸನ್ನಿವೇಶ ಮಾತ್ರ.

ಅಲ್ಲಿದ್ದ ಒಬ್ಬ ನಟಿಯನ್ನು ಮೊರೆನೊ ತಮ್ಮ ಬರಹದಲ್ಲಿ ಬಾರ್ಬರಾ ಎಂದು ಕರೆದಿದ್ದಾರೆ. ಸಾಧ್ವಿಯರ, ಮುಗ್ಧೆಯರ ಪಾತ್ರಕ್ಕೆ ಎತ್ತಿದ ಕೈ. ಮದುವೆಯಾದ ಮೇಲೆ ಗಂಡ ಬಂದು ಅಳಲು ತೋಡಿಕೊಂಡ: ವೇದಿಕೆಯ ಮೇಲೆ ದೇವತೆಯಂಥವಳು ಮನೆಯಲ್ಲಿ ಬೈಯುತ್ತಾಳೆ, ಕೈಯನ್ನೂ ಎತ್ತುತ್ತಾಳೆ. ಮೊರೆನೊ ಆಕೆಗೆ ಬುದ್ಧಿ ಹೇಳಲಿಲ್ಲ. ಊರಿನಲ್ಲಿ ಆಗಷ್ಟೇ ಸುದ್ದಿಯಾಗಿದ್ದ, ಕೊಲೆಯಾದ ಬೀದಿವೇಶ್ಯೆಯ ಪಾತ್ರ ಕೊಟ್ಟರು. ಬಾರ್ಬರಾ ಕಿರುಚಿದಳು, ಗುದ್ದಿದಳು, ಒದ್ದಳು. ಆಮೇಲೆ ಅಂಥವೇ ಪಾತ್ರಗಳು ಒಂದರ ಹಿಂದೊಂದು ಬಂದವು. ಮನೆಯಲ್ಲಿ ಸಿಟ್ಟು ಏರಿದಾಗ ವೇದಿಕೆಯ ದೃಶ್ಯ ನೆನಪಾಗಿ ಆಕೆಗೆ ನಗು ಬರತೊಡಗಿತಂತೆ. ಕೊನೆಗೆ ಗಂಡಹೆಂಡಿರಿಬ್ಬರೂ ವೇದಿಕೆ ಹತ್ತಿ ತಮ್ಮ ಮನೆಯ ಜಗಳವನ್ನೇ ಆಡಿದರು.

ನನಗೆ ಈ ಇಡೀ ಕತೆಯ ಜೀವ ಇಲ್ಲಿದೆ. ಸಿಟ್ಟನ್ನು ಅದುಮಿಡಲೂ ಇಲ್ಲ, ಮನೆಯವರ ಮೇಲೆ ಹರಿಯಬಿಡಲೂ ಇಲ್ಲ. ಅದಕ್ಕೊಂದು ವೇಷ ಕಟ್ಟಿ, ನೋಡಲು ನಾಲ್ಕು ಜನರನ್ನು ಕೂರಿಸಿದರು.

ಹಡ್ಸನ್‌ನಲ್ಲಿ ಸಂಶೋಧಕಿ ಹೆಲೆನ್ ಜೆನ್ನಿಂಗ್ಸ್ ಜೊತೆಗೂಡಿ ಮೊರೆನೊ ಹುಡುಗಿಯರನ್ನು ಕೇಳಿದ ಪ್ರಶ್ನೆ ಸರಳವಾಗಿತ್ತು: ನಿನಗೆ ಯಾರ ಜೊತೆ ಇರಲು ಇಷ್ಟ? ಉತ್ತರಗಳನ್ನು ಹುಡುಗಿಯಿಂದ ಹುಡುಗಿಗೆ ಗೆರೆಗಳಾಗಿ ಎಳೆದಾಗ, ಯಾರೂ ಆರಿಸದೆ ಉಳಿದ ಹುಡುಗಿಯರು ಕಂಡರು. ಓಡಿಹೋದವರನ್ನು ಒಬ್ಬರಿಗೊಬ್ಬರು ಬೆಸೆದಿದ್ದ ಎಳೆಯೂ ಕಂಡಿತು. ಇದರ ಜೊತೆಗೇ ನಾಟಕದ ಅಭ್ಯಾಸ ನಡೆಯಿತು. ಮನೆಯಲ್ಲಿ, ಕೆಲಸದಲ್ಲಿ, ಹೊರಗಿನ ಜನರ ನಡುವೆ ಎದುರಾಗುವ ಸನ್ನಿವೇಶ ಕೊಡುವುದು, ಸಿದ್ಧ ಮಾತಿಲ್ಲದೆ ಆಡಿಸುವುದು. ಇದೆಲ್ಲ 1934ರಲ್ಲಿ ಅವರ ಪುಸ್ತಕವಾಗಿ ಬಂತು.

ಆದರೆ ಅದೇ ಶಾಲೆಯಲ್ಲಿ ಕಪ್ಪು ಹುಡುಗಿಯರನ್ನು ಬೇರೆ ವಸತಿಮನೆಗಳಲ್ಲಿ ಇಟ್ಟಿದ್ದರು. 1933ರಲ್ಲಿ ಅಲ್ಲಿಗೆ ಬಂದವರಲ್ಲಿ ಹದಿಹರೆಯದ ಎಲಾ ಫಿಟ್ಸ್‌ಜೆರಾಲ್ಡ್ ಒಬ್ಬಳು. ಮುಂದೆ ಜಗತ್ತೇ ಕಿವಿಗೊಟ್ಟ ಗಾಯಕಿ. ಯಾರ ಜೊತೆ ಇರಬೇಕೆಂದು ಕೇಳುವ ಮೊದಲೇ ಯಾರ ಜೊತೆ ಇರಕೂಡದೆಂದು ತೀರ್ಮಾನವಾಗಿದ್ದ ಜಾಗದಲ್ಲಿ ಆ ಪ್ರಶ್ನೆ ಎಷ್ಟು ದೂರ ಹೋದೀತು ಎಂದು ಸಂಕಟವಾಗುತ್ತದೆ.

1936ರಲ್ಲಿ ಮೊರೆನೊ ನ್ಯೂಯಾರ್ಕ್ ರಾಜ್ಯದ ಬೀಕನ್ ಎಂಬಲ್ಲಿ ಇಂಥ ನಾಟಕಕ್ಕಾಗಿಯೇ ಒಂದು ರಂಗ ಕಟ್ಟಿದರು. ಇವತ್ತು ತರಗತಿಯಲ್ಲಿ ಬೆಂಚು ಸರಿಸಿ, ಸದಾ ಜಗಳಕ್ಕೆ ನಿಲ್ಲುವ ಹುಡುಗನಿಗೆ "ಈಗ ನೀನು ಮೇಷ್ಟ್ರು, ನಾನು ನೀನು" ಎನ್ನುವವರು ಆ ರಂಗದ ಮೇಲೇ ನಿಂತಿರುತ್ತಾರೆ. ಹುಡುಗ ಒಂದು ಗಳಿಗೆ ಸುಮ್ಮನಿರುತ್ತಾನೆ. ಆಮೇಲೆ ಮೇಜಿನ ಮೇಲಿನ ಹಾಜರಿ ಪುಸ್ತಕ ಕೈಗೆತ್ತಿಕೊಳ್ಳುತ್ತಾನೆ.